ಕ್ರೋಂ ಎಂಬ ಮಾತು

ಬಳೇಪೇಟೆ, ಅಕ್ಕಿಪೇಟೆ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಕ್ರೋಂಪೇಟೆ ಎಂದಾಗ ಮಾತ್ರ ಊರಿನ ನೆಂಟರು ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಅನೇಕರು ಉತ್ತರಕ್ಕೆ ತಡವರಿಸುವುದೂ ಉಂಟು. ಪೇಟೆ ನಮಗೂ ತಮಿಳರಿಗೂ ಬಳಕೆಯ ಮಾತು. ತೊಡಕೆಲ್ಲ ಕ್ರೋಂ ಎಂಬುದರಲ್ಲಿದೆ.

ಇಂಗ್ಲಿಷಿಗೆ ಈ ಶಬ್ದ ಬಂದುದು ಫ್ರೆಂಚಿನಿಂದ. ಅದರ ಮೂಲ ಗ್ರೀಕಿನ 'ಖ್ರೋಮ', ಎಂದರೆ ಬಣ್ಣ. 1797ರಲ್ಲಿ ವೋಕ್ಲಾಂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು ಸೈಬೀರಿಯದ ಕೆಂಪು ಅದಿರೊಂದರಲ್ಲಿ ಹೊಸ ಲೋಹವನ್ನು ಕಂಡನು. ಲೋಹವೇನೋ ಬೂದುಬಣ್ಣದ್ದೇ. ಆದರೆ ಅದರ ಲವಣಗಳು ಹಳದಿ, ಕಿತ್ತಳೆ, ಹಸಿರು ಎಂದು ನಾನಾ ವರ್ಣದವು. ಆದುದರಿಂದಲೇ ಈ ಹೆಸರು. ಮಾಣಿಕ್ಯದ ಕೆಂಪಿಗೂ ಇದರ ಲೇಶವೇ ಕಾರಣವಂತೆ! ಸೈಕಲ್ಲಿನ ಹಿಡಿಗೆ ಹೊಳಪು ಕೊಡುವ ಲೇಪವೂ ಇದೇ. ನಮ್ಮ 'ಬಣ್ಣ'ವೂ ಅಲೆದು ಬಂದ ಮಾತೇ ಸರಿ: ಸಂಸ್ಕೃತದ 'ವರ್ಣ' ಪ್ರಾಕೃತದಲ್ಲಿ 'ವಣ್ಣ'ವಾಯಿತು; ತಮಿಳರು 'ವಣ್ಣಂ' ಎಂದು ವಕಾರವನ್ನು ಉಳಿಸಿಕೊಂಡರು, ನಾವು ಬಕಾರ ಮಾಡಿಕೊಂಡೆವು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಗ್ರೀಕಿನಲ್ಲಿ ಖ್ರೋಮಕ್ಕೆ ನೆಂಟನಾದ ಮಾತು 'ಖ್ರೋಸ್', ಎಂದರೆ ಮೈಚರ್ಮ. ಮೊದಲು ಮೈಬಣ್ಣವಾಗಿದ್ದುದು ಅನಂತರ ಬರಿಯ ಬಣ್ಣವಾಯಿತು. ಚರ್ಮದಿಂದ ಹೊರಟ ಈ ಮಾತು ನಮ್ಮ ಪೇಟೆಗೆ ಬಂದುದೂ ಚರ್ಮದ ದಾರಿಯಿಂದಲೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಮದರಾಸಿನಲ್ಲಿ ಕ್ರೋಂ ಲವಣದಿಂದ ಚರ್ಮ ಹದಮಾಡುವ ಪ್ರಯೋಗಗಳನ್ನು ಕೈಗೊಂಡರು. ತಂಗಡಿಯ ತೊಗಟೆಯ ರಸದಲ್ಲಿ ವಾರಗಟ್ಟಲೆ ನೆನೆಯಬೇಕಾಗಿದ್ದ ತೊಗಲು ಇದರಲ್ಲಿ ಬಹುಬೇಗ ಹದವಾಗುತ್ತಿತ್ತು. ನೀರಿನಲ್ಲಿಯೂ ಚೆನ್ನಾಗಿ ಬಾಳುತ್ತಿತ್ತು. ಬಾವಿಗಳಿಂದ ಎತ್ತು ಕಟ್ಟಿ ನೀರೆಳೆಯುವ ಕಪಿಲೆಯ ಚರ್ಮದ ಚೀಲಗಳಿಗೆ ಅದು ತಕ್ಕುದೆಂದು ಅವರು ಬಗೆದರು. ಮುಂದೆ ಇವರೇ ಮೈಸೂರು ಸಂಸ್ಥಾನದ ಕೈಗಾರಿಕೆಗಳ ಇಲಾಖೆಯ ನಿರ್ದೇಶಕರಾದುದನ್ನು ಕನ್ನಡಿಗರಾದ ನಾವು ನೆನೆಯಬೇಕು. ಇತ್ತ ಪಲ್ಲಾವರದ ಬಳಿ ಚೇಂಬರ್ಸ್ ಎಂಬವರ ಕ್ರೋಂ ಲೆದರ್ ಕಂಪೆನಿ ತಲೆಯೆತ್ತಿತು. ಅದರ ಹೆಸರೇ ಊರಿಗೆ ನಿಂತಿತು. ರಾಜನ ಹೆಸರಲ್ಲ, ದೇವರ ಹೆಸರಲ್ಲ, ತೊಗಲು ಹದಮಾಡಿದ ಕೆಲಸದ ಹೆಸರು. ಇದರಲ್ಲಿ ನಾಚಿಕೆ ಪಡುವಂಥದೇನೂ ನನಗೆ ಕಾಣದು.

ನೋಯಬೇಕಾದುದು ಬೇರೆ ಇದೆ. ಈ ಸುತ್ತಿನ ಹದಗಾರಿಕೆಯ ಕಾರ್ಖಾನೆಗಳ ಕೊಳೆನೀರು ನೆಲಕ್ಕಿಳಿದು ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತುದನ್ನು ವಿಜ್ಞಾನಿಗಳ ಪರೀಕ್ಷೆಗಳು ತೋರಿಸಿವೆ. ಬಾವಿಯ ನೀರೆತ್ತಲೆಂದು ಬಂದ ವಸ್ತು ಬಾವಿಯ ನೀರಿಗೇ ಸೇರಿತು. ಹೆಸರಿನ ಕಥೆ ಹೇಳುವಾಗ ಮಕ್ಕಳಿಗೆ ಇದನ್ನೂ ಹೇಳತಕ್ಕದ್ದು.

ಅಂದಹಾಗೆ, ಈ ಲೋಹದ ಅದಿರು ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಉಂಟು. ಅಲ್ಲಿ ಕ್ರೋಂ ಹೆಸರಿನ ಪೇಟೆ ಮಾತ್ರ ಹುಟ್ಟಲಿಲ್ಲ.