ಅಪ್ಪನ ಫೋನು, ನಮ್ಮ ಬೆರಳು: ದೂರದಿಂದ ನಡೆಸೋದರ ಚರಿತ್ರೆ

ಭಾಗ 1/4

ದೋಸ್ತರೇ, ಇದು ನಮ್ಮಲ್ಲಿ ಬಹಳ ಜನರ ಮನೆ ಕತೆ. ನೀವು ಬೆಂಗಳೂರಿನ ಪೀಜಿಯಲ್ಲೋ ಕಲಬುರಗಿಯ ಹಾಸ್ಟೆಲಿನಲ್ಲೋ ಇರ್ತೀರಿ. ಶಹಾಪುರದಿಂದ ಅಪ್ಪ ಫೋನ್ ಮಾಡ್ತಾರೆ: "ತಮ್ಮಾ, ಫೋನಿನ್ಯಾಗ ಅಕ್ಷರ ಭಾಳ ಸಣ್ಣ ಆಗ್ಯಾವ, ಏನೂ ಕಾಣವಲ್ದು." ನೀವು "ಸೆಟ್ಟಿಂಗ್ಸ್ ತೆಗೀರಿ" ಅಂತೀರಿ. "ಅದೆಲ್ಲಿ ಅದ?" ಅಂತಾರೆ. ಹತ್ತು ನಿಮಿಷ ಆದಮೇಲೆ ಇಬ್ಬರಿಗೂ ಸಿಟ್ಟು. ಆಗ ಯಾರೋ ಗೆಳೆಯ ಹೇಳ್ತಾನೆ: ಒಂದು ಆ್ಯಪ್ ಹಾಕಿಸು, ಅವರ ಫೋನನ್ನ ನಿನ್ನ ಫೋನಿನಿಂದಲೇ ನಡೆಸು.

ಆ ಆ್ಯಪ್ ಹಿಂದೆ ನೂರಕ್ಕೂ ಹೆಚ್ಚು ವರ್ಷದ ಚರಿತ್ರೆ ಇದೆ. ಆದರೆ ಯಂತ್ರಕ್ಕೂ ಮುಂಚೆ ಒಮ್ಮೆ ಸುರಪುರಕ್ಕೆ ಹೋಗಿ ಬರೋಣ. ಒಬ್ಬರದನ್ನ ಇನ್ನೊಬ್ಬರು ನಡೆಸೋದು ನಮ್ಮ ಕಡೆ ಹೊಸದಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದೀರಲ್ಲ? 1840ರ ದಶಕದಲ್ಲಿ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಸಂಸ್ಥಾನದ ಆಡಳಿತ ನೋಡಿಕೊಳ್ಳೋಕೆ ಬ್ರಿಟಿಷರು ಕಳಿಸಿದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಗಾದಿ ಹುಡುಗನದು, ಹೆಸರು ಹುಡುಗನದು, ನಡೆಸೋ ಕೈ ಮಾತ್ರ ಟೇಲರ್‌ದು. ಹುಡುಗ ಅವನನ್ನ 'ಅಪ್ಪಾ' ಅಂತಲೇ ಕರೀತಿದ್ದ. 1853ರಲ್ಲಿ ಹುಡುಗ ವಯಸ್ಸಿಗೆ ಬಂದ, ಅಧಿಕಾರ ಅವನ ಕೈಗೆ ಬಂತು, ಟೇಲರ್ ಸುರಪುರ ಬಿಟ್ಟ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತ. ಸೋತ. ಸಂಸ್ಥಾನವೇ ಹೋಯ್ತು.

ಟೇಲರ್ ಒಳ್ಳೆಯವನೋ ಕೆಟ್ಟವನೋ ಅನ್ನೋದು ಬೇರೆ ಚರ್ಚೆ. ಇಲ್ಲಿಂದ ಮೂರು ಪ್ರಶ್ನೆ ಮಾತ್ರ ಕಟ್ಟಿಕೊಂಡು ಹೋಗೋಣ. ಒಪ್ಪಿಗೆ ಕೊಟ್ಟವರು ಯಾರು? ಎಷ್ಟು ದಿನಕ್ಕೆ? ಬೇಡ ಅನಿಸಿದರೆ ನಿಲ್ಲಿಸೋ ಅಧಿಕಾರ ಯಾರದು? ಆ ಹುಡುಗನನ್ನ ಈ ಮೂರರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ.

ಭಾಗ 2/4

ಈಗ ಯಂತ್ರಕ್ಕೆ ಬರೋಣ. 1898, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಒಂದು ಸಣ್ಣ ದೋಣಿ ಬಿಟ್ಟ. ತಂತಿ ಇಲ್ಲ, ಹಗ್ಗ ಇಲ್ಲ. ದೂರ ನಿಂತು ರೇಡಿಯೋ ಅಲೆಯಿಂದಲೇ ಅದನ್ನ ತಿರುಗಿಸಿದ, ಅದರ ದೀಪ ಹೊತ್ತಿಸಿ ಆರಿಸಿದ. ನೋಡಿದವರು ದಂಗಾದರು. ದೂರದಿಂದ ಒಂದು ವಸ್ತುವನ್ನ ನಡೆಸಬಹುದು ಅನ್ನೋದು ಅವತ್ತೇ ಸಾಬೀತಾಯ್ತು. ದೋಣಿಗೆ 'ಒಲ್ಲೆ' ಅನ್ನೋ ಬಾಯಿ ಇರಲಿಲ್ಲ, ಅದಕ್ಕೇ ಒಪ್ಪಿಗೆಯ ಪ್ರಶ್ನೆಯೂ ಏಳಲಿಲ್ಲ.

ಆ ಪ್ರಶ್ನೆ ಬಂದದ್ದು ಕಂಪ್ಯೂಟರಿನ ಜೊತೆ. 1969ರಲ್ಲಿ ಟೆಲ್‌ನೆಟ್ ಅನ್ನೋ ಪದ್ಧತಿ ಶುರುವಾಯ್ತು. ಒಂದು ಊರಿನಲ್ಲಿ ಕೂತು ಇನ್ನೊಂದು ಊರಿನ ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡಬಹುದಿತ್ತು. ಆದರೆ ಆ ಕಡೆಯ ಕಂಪ್ಯೂಟರು ಮೊದಲು ಹೆಸರು, ಪಾಸ್‌ವರ್ಡ್ ಕೇಳ್ತಿತ್ತು.

ಆಗ ಹೋಗ್ತಿದ್ದದ್ದು ಬರೀ ಅಕ್ಷರ. ಇಡೀ ಪರದೆಯನ್ನೇ ದೂರಕ್ಕೆ ಕಳಿಸೋ ವಿಎನ್‌ಸಿ ಅನ್ನೋ ಸಾಫ್ಟ್‌ವೇರನ್ನ ಇಂಗ್ಲೆಂಡಿನ ಕೇಂಬ್ರಿಜ್‌ನ ಒಂದು ಸಂಶೋಧನಾಲಯ 1998ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಅದರ ಉಪಾಯ ಸರಳ: ಆ ಕಡೆಯಿಂದ ಪರದೆಯ ಚಿತ್ರ ಬರ್ತದೆ, ಈ ಕಡೆಯಿಂದ ಮೌಸು, ಕೀಲಿಮಣೆಯ ಸಂಕೇತ ಹೋಗ್ತದೆ. ಇವತ್ತು ಅಪ್ಪನ ಫೋನಿಗೂ ನಿಮ್ಮ ಫೋನಿಗೂ ನಡುವೆ ನಡೆಯೋದು ಹೆಚ್ಚುಕಡಿಮೆ ಇದೇ.

2005ರಲ್ಲಿ ಜರ್ಮನಿಯ ಗೊಪ್ಪಿಂಗೆನ್ ಊರಿನಲ್ಲಿ ಟೀಮ್‌ವ್ಯೂವರ್ ಹುಟ್ಟಿತು. ಗಿರಾಕಿಗಳ ಹತ್ತಿರ ಪದೇಪದೇ ಓಡಾಡೋದು ತಪ್ಪಲಿ ಅಂತ ಮಾಡಿಕೊಂಡ ಸಾಧನ ಅದು. ಸಾಮಾನ್ಯ ಜನಕ್ಕೆ ಒಪ್ಪಿಗೆ ಒಂದು ವಸ್ತುವಿನ ಹಾಗೆ ಕೈಗೆ ಸಿಕ್ಕಿದ್ದು ಇಂಥ ಸಾಧನಗಳಲ್ಲಿ: ಒಂದು ನಂಬರು, ಒಂದು ಪಾಸ್‌ವರ್ಡ್. ಕಂಪ್ಯೂಟರಿನ ಮುಂದೆ ಕೂತವರು ಓದಿ ಹೇಳಿದರೆ ಬಾಗಿಲು ತೆರೀತದೆ, ಇಲ್ಲಂದ್ರೆ ಇಲ್ಲ.

ಭಾಗ 3/4

ಫೋನು ಕಂಪ್ಯೂಟರಿಗಿಂತ ಬಿಗಿ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆ್ಯಪಿಗೂ ಒಂದೊಂದು ಕೋಣೆ ಅಂದ್ಕೊಳ್ಳಿ. ಪಕ್ಕದ ಕೋಣೆಯಲ್ಲಿ ಏನಿದೆ ಅಂತ ಇಣುಕಬಾರದು, ಅಲ್ಲಿ ಕೈ ಹಾಕಲೂಬಾರದು. ಹಂಗಾದರೆ ನಿಮ್ಮ ಬೆರಳು ಅಪ್ಪನ ಫೋನಿನಲ್ಲಿ ಹೇಗೆ ಓಡಾಡ್ತದೆ?

ಅದಕ್ಕೆ ಎರಡು ಒಪ್ಪಿಗೆ ಬೇಕು, ಎರಡೂ ಬೇರೆಬೇರೆ. ಒಂದು, ನೋಡೋದಕ್ಕೆ. 2014ರ ಆಂಡ್ರಾಯ್ಡ್ 5ರಿಂದ, ಫೋನಿನ ಮಾಲೀಕರು ಪರದೆ ಮೇಲೆ ಬರೋ ಪ್ರಶ್ನೆಗೆ ಹೂಂ ಅಂದರೆ ಒಂದು ಆ್ಯಪ್ ಇಡೀ ಪರದೆಯನ್ನ ಹೊರಗೆ ಕಳಿಸಬಹುದು. ಇನ್ನೊಂದು, ಮುಟ್ಟೋದಕ್ಕೆ. ಇದರ ಕತೆ ಮನಸ್ಸು ತಟ್ಟೋ ಹಂಗದೆ. ಕಣ್ಣು ಕಾಣದವರಿಗೆ, ಬೆರಳಾಡಿಸೋಕೆ ಆಗದವರಿಗೆ ಅಂತ ಆಂಡ್ರಾಯ್ಡ್‌ನಲ್ಲಿ 'ಆಕ್ಸೆಸಿಬಿಲಿಟಿ' ಅನ್ನೋ ಸೌಲಭ್ಯ ಇಟ್ಟಿದ್ದಾರೆ. ಪರದೆ ಮೇಲೆ ಇರೋದನ್ನ ಓದಿ ಹೇಳೋದು, ಅವರ ಪರವಾಗಿ ಒತ್ತೋದು ಅದರ ಕೆಲಸ. 2016ರ ಆಂಡ್ರಾಯ್ಡ್ 7ರಲ್ಲಿ ಈ ಸೌಲಭ್ಯ ಪಡೆದ ಆ್ಯಪಿಗೆ ಬೆರಳಿನ ಹಾಗೆ ಒತ್ತಿ ಎಳೆಯೋ ಶಕ್ತಿಯೂ ಬಂತು. ದೂರದಿಂದ ನಡೆಸೋ ಎಷ್ಟೋ ಆ್ಯಪುಗಳು ಒಳಗೆ ಬರೋದು ಈ ಬಾಗಿಲಿನಿಂದಲೇ.

ಆ್ಯಪಲ್ ಇನ್ನೂ ಬಿಗಿ. ಐಫೋನಿನಲ್ಲಿ ಬಹಳ ವರ್ಷ ಪರದೆ ತೋರಿಸಬಹುದಿತ್ತು, ಮುಟ್ಟಿಸೋ ಹಂಗಿರಲಿಲ್ಲ. 2024ರ ಐಒಎಸ್ 18ರಲ್ಲಷ್ಟೇ, ಫೇಸ್‌ಟೈಮ್ ಕರೆಯಲ್ಲಿ ಎದುರಿನವರು ಒಪ್ಪಿದರೆ ಅವರ ಫೋನನ್ನ ನಡೆಸೋ ಅವಕಾಶ ಬಂತು.

ಭಾಗ 4/4

ಇನ್ನು ಕಹಿ ಅಧ್ಯಾಯ. 2016ರಲ್ಲಿ ಯುಪಿಐ ಬಂತು, ಫೋನೇ ಬ್ಯಾಂಕಿನ ಪಾಸ್‌ಬುಕ್ಕು, ಫೋನೇ ತಿಜೋರಿ ಆಯ್ತು. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು: ವಂಚಕರು ಜನರಿಂದ ಎನಿಡೆಸ್ಕ್ ಅನ್ನೋ ಆ್ಯಪ್ ಹಾಕಿಸ್ತಾರೆ, ಅದರಲ್ಲಿ ಬರೋ 9 ಅಂಕಿಯ ನಂಬರು ಕೇಳ್ತಾರೆ, ಅನುಮತಿಗಳನ್ನ ಒತ್ತಿಸ್ತಾರೆ, ಆಮೇಲೆ ದುಡ್ಡು ಎಗರಿಸ್ತಾರೆ.

ಗಮನಿಸಿ, ಇಲ್ಲಿ ಯಾರೂ ಬೀಗ ಮುರಿಯಲಿಲ್ಲ. ಕೇಳಿ ಇಸ್ಕೊಂಡರು. "ನಿಮ್ಮ ಖಾತೆ ಬಂದ್ ಆಗ್ತದೆ" ಅಂತ ಹೆದರಿಸಿ ತಗೊಂಡ ಹೂಂ, ಯಂತ್ರದ ಕಣ್ಣಿಗೆ ಮಗಳು ಕೇಳಿ ತಗೊಂಡ ಹೂಂನಂತೆಯೇ ಕಾಣ್ತದೆ. ಅದಕ್ಕೇ ಎಷ್ಟೋ ಬ್ಯಾಂಕ್ ಆ್ಯಪುಗಳು ದೂರದಿಂದ ನೋಡಿದರೆ ಪರದೆಯನ್ನ ಕಪ್ಪು ಮಾಡಿಬಿಡ್ತವೆ. 2022ರ ಆಂಡ್ರಾಯ್ಡ್ 13ರಲ್ಲಿ, ಪ್ಲೇ ಸ್ಟೋರಿನಂಥ ಕಡೆಯಿಂದ ಬರದೆ ನೇರ ಫೈಲಿನಿಂದ ಹಾಕಿದ ಆ್ಯಪಿಗೆ ಆಕ್ಸೆಸಿಬಿಲಿಟಿ ಸುಲಭವಾಗಿ ಸಿಗದಂತೆ ಮಾಡಿದರು. ಹೆದರಿಸಿದ್ದು ಯಾವುದು, ಪ್ರೀತಿಯಿಂದ ಕೇಳಿದ್ದು ಯಾವುದು ಅಂತ ತಿಳಿಯೋದು ಮಾತ್ರ ಇವತ್ತಿಗೂ ಮನುಷ್ಯರ ಕೆಲಸ.

ಹಂಗಾಗಿ ಸುರಪುರದ ಮೂರು ಪ್ರಶ್ನೆಯನ್ನ ಮನೆಗೆ ತಗೊಂಡು ಹೋಗಿ.

ಒಪ್ಪಿಗೆ ಯಾರದು? ಸಹಾಯ ಬೇಕು ಅಂತ ಅಪ್ಪನೇ ನಿಮಗೆ ಫೋನ್ ಮಾಡಿರಬೇಕು. ಗೊತ್ತಿಲ್ಲದವರು ತಾವಾಗಿ ಕರೆ ಮಾಡಿ ಆ್ಯಪ್ ಹಾಕು ಅಂದರೆ, ಅವರು ಬ್ಯಾಂಕಿನವರೇ ಅಂದರೂ, ಕಟ್ ಮಾಡಲಿ.

ಎಷ್ಟು ಹೊತ್ತಿಗೆ? ಕೆಲಸ ಮುಗಿದ ಕೂಡಲೇ ಸಂಪರ್ಕ ಬಂದ್, ಆಕ್ಸೆಸಿಬಿಲಿಟಿ ಬಂದ್, ಆ್ಯಪ್ ತೆಗೆದುಹಾಕೋದು.

ನಿಲ್ಲಿಸೋ ಅಧಿಕಾರ ಯಾರದು? ಶುರು ಮಾಡೋ ಮುಂಚೆಯೇ ಅಪ್ಪನಿಗೆ ನಿಲ್ಲಿಸೋ ಬಟನ್ ತೋರಿಸಿ. ಅದು ಸಿಗದಿದ್ದರೆ ಇಂಟರ್‌ನೆಟ್ ಆಫ್ ಮಾಡೋದು ಕಲಿಸಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಅನ್ನೋದನ್ನೂ ಬರೆದಿಡಿ.

ಕೊನೆಗೆ ಒಂದು ಮಾತು, ಇದು ಕಳ್ಳರಿಗಲ್ಲ, ನಮಗೇ. ಅಕ್ಷರ ದೊಡ್ಡದು ಮಾಡೋಕೆ ಒಳಗೆ ಹೋದ ನಿಮಗೆ ಅಪ್ಪನ ಮೆಸೇಜು ಕಾಣ್ತವೆ. ಯಾರ ಹತ್ತಿರ ಸಾಲ ಕೇಳಿದ್ದಾರೆ, ನಿಮ್ಮ ಫೀಸಿಗೆ ಎಲ್ಲಿಂದ ಹೊಂದಿಸಿದ್ದಾರೆ, ಎಲ್ಲ. ಅವರಾಗಿ ಹೇಳದೇ ಇದ್ದದ್ದನ್ನ ಓದೋದಕ್ಕೆ ಅವರು ಹೂಂ ಅಂದಿಲ್ಲ. ಅಂದು ಆ ಹುಡುಗ ತನ್ನ ಸಂಸ್ಥಾನ ನಡೆಸುವವನನ್ನ 'ಅಪ್ಪಾ' ಅಂದ. ಇಂದು ಅಪ್ಪಂದಿರ ಫೋನು ನಡೆಸೋರು ನಾವು. ಫೋನು ಅವರದು ಅನ್ನೋದು ನಮ್ಮ ಬೆರಳಿಗೆ ನೆನಪಿರಲಿ.

ನಿಮ್ಮ ಮನೆಯಲ್ಲಿ ಯಾರ ಫೋನು ಯಾರು ನಡೆಸ್ತೀರಿ? ಕೆಳಗೆ ಬರೀರಿ. ಅಪ್ಪ ಅವ್ವನಿಗೆ ಇದನ್ನ ಓದಿ ಹೇಳಿ.

#ನಮ್ಮಶಹಾಪುರ #ಸುರಪುರ #ಯಾದಗಿರಿ #ಚರಿತ್ರೆ