ದುವಾ ಲಿಪಾ

ದುವಾ ಲಿಪಾ (ಜನನ: 22 ಆಗಸ್ಟ್ 1995) ಬ್ರಿಟನ್ನಿನ ಪಾಪ್ ಗಾಯಕಿ, ಗೀತರಚನಕಾರ್ತಿ ಮತ್ತು ರೂಪದರ್ಶಿ. ಹುಟ್ಟಿದ್ದು ಲಂಡನ್ನಿನಲ್ಲಿ, ತಂದೆ ತಾಯಿ ಕೊಸೊವೊದ ಅಲ್ಬೇನಿಯನ್ನರು. 1970–80ರ ದಶಕಗಳ ಡಿಸ್ಕೊ ಮತ್ತು ನೃತ್ಯಸಂಗೀತವನ್ನು ಹೊಸ ತಲೆಮಾರಿನ ಕೇಳುಗರ ಬಳಿಗೆ ತಂದ ಕಲಾವಿದರಲ್ಲಿ ಅವರದು ಮುಂಚೂಣಿಯ ಹೆಸರು. 2019 ಮತ್ತು 2021ರಲ್ಲಿ ಒಟ್ಟು ಮೂರು ಗ್ರ್ಯಾಮಿ ಪ್ರಶಸ್ತಿಗಳು ಅವರಿಗೆ ಸಂದವು. ಬೇರೆಯವರ ಹಾಡುಗಳನ್ನು ಹಾಡಿ ಅಂತರ್ಜಾಲಕ್ಕೆ ಹಾಕುತ್ತಿದ್ದ ಹುಡುಗಿ ತನ್ನ ಸಂಗೀತ, ಉಡುಗೆ, ಹಾಡುಗಳ ಹಕ್ಕು ಇವೆಲ್ಲದರ ಮೇಲೂ ಹಂತಹಂತವಾಗಿ ಹಿಡಿತ ಸಾಧಿಸಿದ್ದು ಈ ವೃತ್ತಿಜೀವನದ ಮುಖ್ಯ ಎಳೆ.

ಬಾಲ್ಯ ಮತ್ತು ಶಿಕ್ಷಣ

ಲಿಪಾರ ತಂದೆ ದುಕಾಜಿನ್ ಲಿಪಾ, ತಾಯಿ ಅನೆಸಾ. ಯುಗೊಸ್ಲಾವಿಯ ಒಡೆದು ಬಾಲ್ಕನ್ ಪ್ರದೇಶ ಹೊತ್ತಿ ಉರಿಯುತ್ತಿದ್ದ 1992ರಲ್ಲಿ ಈ ದಂಪತಿ ಕೊಸೊವೊದ ಪ್ರಿಸ್ಟಿನಾ ತೊರೆದು ಲಂಡನ್ ಸೇರಿದರು. ಊರಿನಲ್ಲಿ ತಂದೆ ದಂತವೈದ್ಯಕೀಯ, ತಾಯಿ ಕಾನೂನು ಓದುತ್ತಿದ್ದವರು. ಲಂಡನ್ನಿನಲ್ಲಿ ಹೋಟೆಲು, ಬಾರುಗಳಲ್ಲಿ ದುಡಿದು ಸಂಸಾರ ನಡೆಸಿದರು. ದುಕಾಜಿನ್ ‘ಓಡಾ’ ಎಂಬ ರಾಕ್ ತಂಡದ ಹಾಡುಗಾರರೂ ಆಗಿದ್ದರಿಂದ ಮನೆಯಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ಅಜ್ಜ ಸೆಯಿತ್ ಲಿಪಾ ಇತಿಹಾಸಕಾರರು. ದುವಾ ಮೂವರು ಮಕ್ಕಳಲ್ಲಿ ಹಿರಿಯಳು. ರಿನಾ ತಂಗಿ, ಜಿನ್ ತಮ್ಮ.

ಒಂಬತ್ತನೆಯ ವಯಸ್ಸಿನಲ್ಲಿ ಸಿಲ್ವಿಯಾ ಯಂಗ್ ನಾಟಕಶಾಲೆಯ ವಾರಾಂತ್ಯದ ತರಗತಿಗಳಲ್ಲಿ ಆಕೆಯ ಹಾಡುಗಾರಿಕೆಯ ಕಲಿಕೆ ಶುರುವಾಯಿತು. ಮುಂದೆ ಕುಟುಂಬ ಪ್ರಿಸ್ಟಿನಾಕ್ಕೆ ಮರಳಿತು. 2008ರ ಫೆಬ್ರವರಿ 17ರಂದು ಕೊಸೊವೊ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಹೊಸ ದೇಶದ ಆ ಮೊದಲ ವರ್ಷಗಳಲ್ಲಿ ಆಕೆ ಅಲ್ಲಿ ಬೆಳೆದಳು. ಪ್ರಿಸ್ಟಿನಾದ ಹದಿಹರೆಯದವರ ನಡುವೆ ಹಬ್ಬಿದ್ದ ಹಿಪ್‌ಹಾಪ್ ಅಭಿರುಚಿ ಆಕೆಗೂ ಅಂಟಿತು. ಆದರೆ ಪಾಪ್ ಗಾಯಕಿಯಾಗಬೇಕಾದರೆ ಲಂಡನ್ನೇ ಸರಿಯಾದ ಜಾಗ ಎಂಬುದು ಆಕೆಯ ನಂಬಿಕೆ. ಹದಿನೈದನೆಯ ವಯಸ್ಸಿನಲ್ಲಿ ಹೆತ್ತವರನ್ನು ಒಪ್ಪಿಸಿ, ಅವರಿಲ್ಲದೆಯೇ ಲಂಡನ್ನಿಗೆ ಬಂದು ಪರಿಚಯದ ಕುಟುಂಬದವರೊಂದಿಗೆ ಉಳಿದಳು. ಪಾರ್ಲಿಮೆಂಟ್ ಹಿಲ್ ಶಾಲೆಯಲ್ಲಿ ಓದು, ಬಿಡುವಿನಲ್ಲಿ ಹಾಡುಗಾರಿಕೆ, ಯೂಟ್ಯೂಬ್ ಮತ್ತು ಸೌಂಡ್‌ಕ್ಲೌಡ್‌ನಲ್ಲಿ ತನ್ನ ದನಿಯ ಪ್ರಕಟಣೆ ಎಲ್ಲವೂ ಜೊತೆಜೊತೆಗೆ ನಡೆದವು.

ರೂಪದರ್ಶಿಯಾಗಿ ಆರಂಭ

ಹದಿಹರೆಯದಲ್ಲಿಯೇ ಲಿಪಾ ರೂಪದರ್ಶಿಯಾಗಿ ದುಡಿಯತೊಡಗಿದರು. ಆನ್‌ಲೈನ್ ಉಡುಪು ಮಾರಾಟ ಸಂಸ್ಥೆ ಏಸಾಸ್‌ನ ಮಾರುಕಟ್ಟೆ ವಿಭಾಗಕ್ಕಾಗಿ ಕ್ಯಾಮೆರಾ ಮುಂದೆ ನಿಂತರು. ತೂಕ ಇಳಿಸಬೇಕೆಂಬ ಒತ್ತಡ ಬಂದಾಗ ಆ ದಾರಿ ಬಿಟ್ಟು ಸಂಗೀತದತ್ತ ಗಮನ ನೆಟ್ಟರು. 2013ರಲ್ಲಿ ದೂರದರ್ಶನದ ‘ದಿ ಎಕ್ಸ್ ಫ್ಯಾಕ್ಟರ್’ ಸ್ಪರ್ಧೆಯ ಜಾಹೀರಾತಿನಲ್ಲಿ ಹಾಡುತ್ತ ಕಾಣಿಸಿಕೊಂಡರು. ಹೋಟೆಲು ಕೆಲಸದಿಂದ ಖರ್ಚು ತೂಗಿಸುತ್ತಲೇ ಹಾಡು ಬರೆಯುವವರ ಜೊತೆ ಕೂತು ಅಭ್ಯಾಸ ಮಾಡಿದರು. 2014ರಲ್ಲಿ ವಾರ್ನರ್ ಬ್ರದರ್ಸ್ ರೆಕಾರ್ಡ್ಸ್ ಜೊತೆ ಒಪ್ಪಂದವಾಯಿತು.

ಮೊದಲ ಆಲ್ಬಂ

2015ರಲ್ಲಿ ‘ನ್ಯೂ ಲವ್’ ಹಾಡಿನೊಂದಿಗೆ ಲಿಪಾ ಪಾಪ್ ರಂಗಕ್ಕೆ ಕಾಲಿಟ್ಟರು. ಅದೇ ವರ್ಷ ಬಂದ ‘ಬಿ ದ ಒನ್’ ಬೆಲ್ಜಿಯಂನಲ್ಲಿ ಮೊದಲ ಸ್ಥಾನಕ್ಕೇರಿ ಯೂರೋಪಿನ ಬಾಗಿಲು ತೆರೆಯಿತು. ಅವರದೇ ಹೆಸರಿನ ಮೊದಲ ಆಲ್ಬಂ 2017ರ ಜೂನ್ 2ರಂದು ಬಿಡುಗಡೆಯಾಯಿತು. ಬಿಟ್ಟುಹೋದ ಪ್ರಿಯಕರನ ಬಳಿಗೆ ಮತ್ತೆ ಹೋಗದಿರಲು ಹೆಣ್ಣೊಬ್ಬಳು ತನಗೆ ತಾನೇ ಹಾಕಿಕೊಳ್ಳುವ ಕಟ್ಟಳೆಗಳ ಹಾಡು ‘ನ್ಯೂ ರೂಲ್ಸ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಗಳಿಸಿತು. ಇದನ್ನು ಬರೆದವರು ಕ್ಯಾರೊಲಿನ್ ಐಲಿನ್, ಎಮಿಲಿ ವಾರೆನ್ ಮತ್ತು ಇಯಾನ್ ಕರ್ಕ್‌ಪ್ಯಾಟ್ರಿಕ್. ಮಯಾಮಿ ಬೀಚ್‌ನ ಹೋಟೆಲೊಂದರಲ್ಲಿ ಗೆಳತಿಯರು ಪರಸ್ಪರ ಆಸರೆಯಾಗುವುದನ್ನು ತೋರಿಸುವ ಅದರ ವಿಡಿಯೊ ಹಾಡಿನಷ್ಟೇ ಜನಪ್ರಿಯವಾಯಿತು.

2018ರಲ್ಲಿ ಅವರು ಎರಡು ಬ್ರಿಟ್ ಪ್ರಶಸ್ತಿಗಳನ್ನು ಪಡೆದರು. ಅದೇ ವರ್ಷ ಕ್ಯಾಲ್ವಿನ್ ಹ್ಯಾರಿಸ್ ಜೊತೆಗಿನ ‘ಒನ್ ಕಿಸ್’ ಎಂಟು ವಾರ ಬ್ರಿಟನ್ನಿನ ಪಟ್ಟಿಯ ಮೇಲ್ತುದಿಯಲ್ಲಿತ್ತು. ಆ ಮೇ ತಿಂಗಳಲ್ಲಿ ಕೀವ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ನ ಉದ್ಘಾಟನೆಯಲ್ಲಿ ಅವರು ಹಾಡಿದರು. 2019ರಲ್ಲಿ ಅತ್ಯುತ್ತಮ ಹೊಸ ಕಲಾವಿದೆ ಮತ್ತು ‘ಇಲೆಕ್ಟ್ರಿಸಿಟಿ’ ಹಾಡಿಗಾಗಿ ಅತ್ಯುತ್ತಮ ನೃತ್ಯಗೀತೆ ಗ್ರ್ಯಾಮಿಗಳು ದೊರೆತವು. ಇದೇ ಅವಧಿಯಲ್ಲಿ ವೇದಿಕೆಯ ಮೇಲಿನ ಅವರ ನೃತ್ಯದ ತುಣುಕೊಂದು ಸಾಮಾಜಿಕ ಜಾಲತಾಣಗಳಲ್ಲಿ ಲೇವಡಿಗೆ ಗುರಿಯಾಯಿತು. ಮುಂದಿನ ವರ್ಷಗಳ ಕಠಿಣ ತಾಲೀಮು ಅದಕ್ಕೆ ಉತ್ತರವಾಯಿತು. 2022ರ ಪ್ರವಾಸದಲ್ಲಿ ಅದೇ ಹೆಜ್ಜೆಯನ್ನು ಅವರು ಬೇಕೆಂದೇ ಮರಳಿ ಹಾಕಿದಾಗ ಸಭಾಂಗಣಗಳು ಹರ್ಷೋದ್ಗಾರದಿಂದ ತುಂಬಿದವು.

ಫ್ಯೂಚರ್ ನೊಸ್ಟಾಲ್ಜಿಯಾ

ಲಿಪಾರ ನಿಜವಾದ ಕಲಾಪ್ರೌಢಿಮೆ ಕಾಣುವುದು ಎರಡನೆಯ ಆಲ್ಬಂನಲ್ಲಿ. ಮೊದಲ ಆಲ್ಬಂ ಹಲವು ಬಗೆಯ ಹಾಡುಗಳ ಸಂಕಲನದಂತಿತ್ತು; ‘ಫ್ಯೂಚರ್ ನೊಸ್ಟಾಲ್ಜಿಯಾ’ ಒಂದೇ ಕಲ್ಪನೆಯ ಸುತ್ತ ಹೆಣೆದದ್ದು. ಡಿಸ್ಕೊದ ತುಂಬು ಬೇಸ್ ಗಿಟಾರ್, ಫಂಕ್‌ನ ಲಯ, 80ರ ದಶಕದ ಸಿಂಥಸೈಜರ್ ಇವುಗಳನ್ನು ಇಂದಿನ ಧ್ವನಿಮುದ್ರಣದ ಸ್ಪಷ್ಟತೆಯೊಂದಿಗೆ ಅವರೂ ಸ್ಟುವರ್ಟ್ ಪ್ರೈಸ್ ಮೊದಲಾದ ನಿರ್ಮಾಪಕರೂ ಬೆಸೆದರು. ಬಿಡುಗಡೆಯ ಹೊತ್ತಿಗೆ ಕೋವಿಡ್ ಜಗತ್ತನ್ನು ಮನೆಯೊಳಗೆ ಕೂರಿಸಿತ್ತು. ಆಲ್ಬಂ ಮೊದಲೇ ಸೋರಿಕೆಯೂ ಆಯಿತು. ಹೀಗಾಗಿ ನಿಗದಿಗಿಂತ ಒಂದು ವಾರ ಮುಂಚೆಯೇ, 2020ರ ಮಾರ್ಚ್ 27ರಂದು, ಅದನ್ನು ಹೊರತಂದರು. ಕುಣಿಯುವ ಸ್ಥಳಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಕುಣಿತಕ್ಕೆಂದೇ ಮಾಡಿದ ಹಾಡುಗಳನ್ನು ಜನ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ಹಾಕಿಕೊಂಡು ಉಸಿರು ಹಗುರಮಾಡಿಕೊಂಡರು. ಆ ನವೆಂಬರ್‌ನಲ್ಲಿ ನೇರಪ್ರಸಾರವಾದ ‘ಸ್ಟುಡಿಯೊ 2054’ ಕಾರ್ಯಕ್ರಮವನ್ನು ಲಕ್ಷಾಂತರ ಮಂದಿ ಮನೆಯಲ್ಲೇ ಕೂತು ನೋಡಿದರು.

ಈ ಆಲ್ಬಂಗೆ 2021ರಲ್ಲಿ ಅತ್ಯುತ್ತಮ ಪಾಪ್ ಗಾಯನ ಆಲ್ಬಂ ಗ್ರ್ಯಾಮಿ ಮತ್ತು ವರ್ಷದ ಆಲ್ಬಂ ಬ್ರಿಟ್ ಪ್ರಶಸ್ತಿ ಬಂದವು. ಇದರ ‘ಲೆವಿಟೇಟಿಂಗ್’ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಎರಡನೆಯ ಸ್ಥಾನ ದಾಟಲಿಲ್ಲ. ಆದರೂ 77 ವಾರ ಪಟ್ಟಿಯಲ್ಲಿ ನೆಲೆನಿಂತು 2021ರ ವಾರ್ಷಿಕ ಪಟ್ಟಿಯಲ್ಲಿ ಮೊದಲನೆಯದಾಯಿತು.

ನಂತರದ ಕೃತಿಗಳು

2021ರಲ್ಲಿ ಎಲ್ಟನ್ ಜಾನ್ ಜೊತೆಗಿನ ‘ಕೋಲ್ಡ್ ಹಾರ್ಟ್’, 2023ರಲ್ಲಿ ‘ಬಾರ್ಬಿ’ ಚಿತ್ರದ ‘ಡಾನ್ಸ್ ದ ನೈಟ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದವು. ಆ ಚಿತ್ರದಲ್ಲಿ ಅವರು ಮತ್ಸ್ಯಕನ್ಯೆ ಬಾರ್ಬಿಯಾಗಿ ಕಾಣಿಸಿಕೊಂಡರು. ಮೂರನೆಯ ಆಲ್ಬಂ ‘ರ‍್ಯಾಡಿಕಲ್ ಆಪ್ಟಿಮಿಸಂ’ 2024ರ ಮೇ 3ರಂದು ಬಂತು. ಟೇಮ್ ಇಂಪಾಲಾದ ಕೆವಿನ್ ಪಾರ್ಕರ್ ಮತ್ತು ಡ್ಯಾನಿ ಎಲ್. ಹಾರ್ಲ್ ಇದರ ಪ್ರಮುಖ ಸಹಯೋಗಿಗಳು. ಆ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ಶುಕ್ರವಾರದ ಮುಖ್ಯ ಕಲಾವಿದೆಯಾಗಿ, ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ವಾದ್ಯವೃಂದದೊಂದಿಗೆ ಹಾಡಿದರು.

ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ 2019ರ ನವೆಂಬರ್‌ನಲ್ಲಿ ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯಿತು. 2024ರ ನವೆಂಬರ್ 30ರಂದು ಮುಂಬೈಯಲ್ಲಿ ‘ಲೆವಿಟೇಟಿಂಗ್’ ಜೊತೆಗೆ 1999ರ ‘ಬಾದ್‌ಷಾ’ ಹಿಂದಿ ಚಿತ್ರದ ಹಾಡನ್ನು ಬೆಸೆದ ಅಭಿಮಾನಿಗಳ ಜನಪ್ರಿಯ ಮಿಶ್ರಣವನ್ನು ಅವರು ವೇದಿಕೆಗೆ ತಂದರು.

ಕಂಠ ಮತ್ತು ಶೈಲಿ

ಲಿಪಾರದು ತಗ್ಗಿನ ಸ್ಥಾಯಿಗೆ ವಾಲುವ, ಸ್ವಲ್ಪ ಒರಟು ಹೊಳಪಿರುವ ಕಂಠ. ಆಲಾಪದಂಥ ಬೆಡಗಿಗಿಂತ ಲಯದ ಬಿಗುವಿನಲ್ಲಿ ಪದಗಳನ್ನು ಕತ್ತರಿಸಿ ನುಡಿಯುವ ರೀತಿ ಅವರ ಗುರುತು. ಪ್ರೇಮದ ನೋವನ್ನು ಹಾಡುವಾಗಲೂ ಅವರ ನಾಯಕಿ ಅಂಗಲಾಚುವುದಿಲ್ಲ. ಮೈಕೊಡವಿ ಮುಂದೆ ನಡೆಯುತ್ತಾಳೆ. ಯುವತಿಯರು ಅವರನ್ನು ತಮ್ಮವರೆಂದು ಅಪ್ಪಿಕೊಳ್ಳಲು ಈ ನಿಲುವು ದೊಡ್ಡ ಕಾರಣ.

ಫ್ಯಾಷನ್

ಮೈಕಟ್ಟಿನ ಕಾರಣಕ್ಕೆ ಬಿಟ್ಟುಹೋಗಿದ್ದ ಕ್ಷೇತ್ರಕ್ಕೆ ಲಿಪಾ ತಮ್ಮದೇ ಷರತ್ತಿನಲ್ಲಿ ಮರಳಿದರು. 2019ರಿಂದ ಈವ್ ಸಾಂ ಲೊರಾಂ ಸಂಸ್ಥೆಯ ‘ಲಿಬ್ರ್’ ಸುಗಂಧದ್ರವ್ಯದ ಜಾಹೀರಾತುಗಳ ಮುಖವಾದರು. 2021ರಲ್ಲಿ ಮಿಲಾನ್‌ನಲ್ಲಿ ವೆರ್ಸಾಚೆ ಪ್ರದರ್ಶನದಲ್ಲಿ ಮೊದಲಿಗರಾಗಿ ಹೆಜ್ಜೆಯಿಟ್ಟರು. 2023ರಲ್ಲಿ ಡೊನಾಟೆಲ್ಲಾ ವೆರ್ಸಾಚೆ ಜೊತೆಗೂಡಿ ‘ಲಾ ವಕಾಂಜಾ’ ಉಡುಪು ಸಂಗ್ರಹವನ್ನು ವಿನ್ಯಾಸಗೊಳಿಸಿ ಕಾನ್‌ನಲ್ಲಿ ಪ್ರದರ್ಶಿಸಿದರು. ಅದೇ ವರ್ಷ ನ್ಯೂಯಾರ್ಕಿನ ಮೆಟ್ ಗಾಲಾದ ಸಹ ಅಧ್ಯಕ್ಷರಲ್ಲಿ ಒಬ್ಬರಾದರು.

ಕೊಸೊವೊ ಮತ್ತು ಇತರ ಚಟುವಟಿಕೆಗಳು

2016ರಲ್ಲಿ ತಂದೆಯೊಂದಿಗೆ ಸನ್ನಿ ಹಿಲ್ ಪ್ರತಿಷ್ಠಾನ ಸ್ಥಾಪಿಸಿ ಕೊಸೊವೊದ ಜನರ ನೆರವಿಗೆ ನಿಧಿ ಕೂಡಿಸತೊಡಗಿದರು. ಪ್ರಿಸ್ಟಿನಾದ ಬಡಾವಣೆಯೊಂದರ ಹೆಸರು ಹೊತ್ತ ಸನ್ನಿ ಹಿಲ್ ಸಂಗೀತೋತ್ಸವ 2018ರಲ್ಲಿ ಆರಂಭವಾಯಿತು. ವೀಸಾ ನಿರ್ಬಂಧಗಳಿಂದ ಹೊರದೇಶಗಳಿಗೆ ಹೋಗಲಾಗದಿದ್ದ ಅಲ್ಲಿನ ಯುವಜನರ ಊರಿಗೇ ಜಗತ್ತಿನ ದೊಡ್ಡ ಕಲಾವಿದರು ಬರುವಂತಾಯಿತು. 2022ರಲ್ಲಿ ಕೊಸೊವೊ ಅವರನ್ನು ಗೌರವ ರಾಯಭಾರಿಯನ್ನಾಗಿ ನೇಮಿಸಿತು. ಆ ನವೆಂಬರ್‌ನಲ್ಲಿ ಅಲ್ಬೇನಿಯ ಪೌರತ್ವ ನೀಡಿತು.

2022ರಲ್ಲಿ ‘ಸರ್ವಿಸ್95’ ಎಂಬ ಇ–ಪತ್ರಿಕೆ, ಮರುವರ್ಷ ಅದರಡಿ ಓದುಗರ ಬಳಗ ಶುರುಮಾಡಿದರು. ಅಲ್ಲಿ ತಾವು ಮೆಚ್ಚಿದ ಪುಸ್ತಕಗಳನ್ನು ಶಿಫಾರಸು ಮಾಡಿ ಲೇಖಕರನ್ನು ಸಂದರ್ಶಿಸುತ್ತಾರೆ. 2023ರಲ್ಲಿ ತಮ್ಮ ಹಾಡುಗಳ ಪ್ರಕಾಶನ ಹಕ್ಕುಗಳನ್ನು ಹಿಂದಿನ ನಿರ್ವಹಣಾ ಸಂಸ್ಥೆಯಿಂದ ಮರಳಿ ಕೊಂಡರು. ಯುವ ಕಲಾವಿದರ ದುಡಿಮೆಯ ಒಡೆತನ ಬಹುಪಾಲು ಬೇರೆಯವರ ಕೈಯಲ್ಲಿರುವ ಉದ್ಯಮದಲ್ಲಿ, ಮೂವತ್ತು ತುಂಬುವ ಮುನ್ನವೇ ಅವರಿಟ್ಟ ಈ ಹೆಜ್ಜೆ ಅವರ ಯಾವ ಪ್ರಶಸ್ತಿಗೂ ಕಡಿಮೆಯ ಸಾಧನೆಯಲ್ಲ.