ತಾಯಿಯ ಮೇಲಿದ್ದ ಆರೋಪ

ಹರೆಯದ ಮಗನೋ ಮಗಳೋ ಮನೋರೋಗಕ್ಕೆ ತುತ್ತಾದಾಗ ಹೆತ್ತವಳನ್ನು ಮೊದಲು ಕಾಡುವ ಪ್ರಶ್ನೆ: 'ನಾನು ಸಾಕಿದ್ದರಲ್ಲಿ ಎಲ್ಲಿ ತಪ್ಪಿತು?' ಈ ಮುಳ್ಳನ್ನು ಆಕೆಯ ಎದೆಗೆ ಚುಚ್ಚಿದವರು ನೆರೆಹೊರೆಯವರು ಮಾತ್ರವಲ್ಲ. ಒಂದು ಕಾಲದಲ್ಲಿ ವೈದ್ಯಲೋಕವೂ ಅದನ್ನೇ ಮಾಡಿತ್ತು.

ಇಲ್ಲದ ದನಿಗಳು ಕೇಳಿಸುವ, ಬುಡವಿಲ್ಲದ ಸಂಶಯಗಳು ಬೇರೂರುವ ತೀವ್ರ ಕಾಯಿಲೆಗೆ 1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್ 'ಸ್ಕಿಜೋಫ್ರೇನಿಯಾ' ಎಂಬ ಹೆಸರನ್ನು ಬಳಕೆಗೆ ತಂದರು. 1948ರಲ್ಲಿ ಅಮೆರಿಕೆಯಲ್ಲಿ ನೆಲೆಸಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ 'ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ' ಎಂಬ ಮಾತನ್ನು ತಮ್ಮ ಬರಹದಲ್ಲಿ ಬಳಸಿದರು. ಆ ಮಾತು ಬಹುಬೇಗ ಹರಡಿತು. ಮಗುವಿಗೆ ಪ್ರೀತಿ ತೋರದ, ಅದನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ತಾಯಿಯೇ ರೋಗಕ್ಕೆ ಕಾರಣಳೆಂದು ಅನೇಕರು ನಂಬಿದರು.

ಈ ನಂಬಿಕೆಯನ್ನು ಪರೀಕ್ಷಿಸುವುದು ಸುಲಭವಿರಲಿಲ್ಲ. ರಕ್ತವೂ ಲಾಲನೆಯೂ ಒಬ್ಬಳೇ ತಾಯಿಯಿಂದ ಬಂದಿರುವಾಗ ಅವೆರಡನ್ನು ಬೇರ್ಪಡಿಸುವುದು ಹೇಗೆ? ಅಮೆರಿಕೆಯ ಆರೆಗಾನ್ ರಾಜ್ಯದಲ್ಲಿ ಮನೋವೈದ್ಯಶಾಸ್ತ್ರದ ಸ್ನಾತಕೋತ್ತರ ತರಬೇತಿ ಪಡೆಯುತ್ತಿದ್ದ ಲಿಯೊನಾರ್ಡ್ ಹೆಸ್ಟನ್ ಹಳೆಯ ಆಸ್ಪತ್ರೆ ದಾಖಲೆಗಳಲ್ಲಿ ಇದಕ್ಕೆ ದಾರಿ ಕಂಡರು. 1915ರಿಂದ 1945ರ ಅವಧಿಯಲ್ಲಿ ಅಲ್ಲಿನ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಸ್ಕಿಜೋಫ್ರೇನಿಯಾ ಪೀಡಿತ ತಾಯಂದಿರಿಗೆ ಹುಟ್ಟಿ, ಮೂರೇ ದಿನಗಳೊಳಗೆ ಅವರಿಂದ ಬೇರ್ಪಟ್ಟು, ಅನ್ಯರ ಆಸರೆಯಲ್ಲಿ ಬೆಳೆದ 47 ಮಂದಿಯನ್ನು ಅವರು ಅಧ್ಯಯನಕ್ಕೆ ಆರಿಸಿಕೊಂಡರು. ಹೋಲಿಕೆಗಾಗಿ, ಅದೇ ರೀತಿ ತಾಯಿಯಿಂದ ಅಗಲಿದ, ಆದರೆ ತಾಯಿಗೆ ಈ ರೋಗವಿಲ್ಲದ 50 ಮಂದಿಯನ್ನು ಪರಿಶೀಲಿಸಿದರು. 1966ರಲ್ಲಿ ಫಲಿತಾಂಶ ಪ್ರಕಟವಾಯಿತು: ಮೊದಲ ಗುಂಪಿನಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು, ಎರಡನೆಯ ಗುಂಪಿನಲ್ಲಿ ಒಬ್ಬರಿಗೂ ಇರಲಿಲ್ಲ.

ಆ ಐವರನ್ನು ತಾಯಿ ಸಾಕಿರಲೇ ಇಲ್ಲ. ಹಾಗಾದರೆ ಆಕೆಯ ಸಾಕಣೆಯನ್ನು ದೂರುವುದೆಂತು? 1968ರಲ್ಲಿ ಸೆಮೂರ್ ಕೆಟಿ ಮತ್ತು ಸಂಗಡಿಗರು ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಶೋಧಿಸಿ ಅದೇ ದಿಕ್ಕಿನ ಫಲಿತಾಂಶ ನೀಡಿದರು.

ಇಷ್ಟರಿಂದ ಅನುವಂಶೀಯತೆಯನ್ನು ಹಣೆಬರಹವೆಂದು ತಿಳಿಯಬೇಕಿಲ್ಲ. ಹೆಸ್ಟನ್ನರ 47 ಮಂದಿಯಲ್ಲಿ 42 ಮಂದಿಗೆ ಈ ರೋಗ ಬರಲಿಲ್ಲ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರು ರೋಗಿಯಾದರೂ ಇನ್ನೊಬ್ಬರು ಎಷ್ಟೋ ಸಲ ಆರೋಗ್ಯವಂತರಾಗಿಯೇ ಉಳಿಯುತ್ತಾರೆ. 2022ರಲ್ಲಿ ಪ್ರಕಟವಾದ ಬೃಹತ್ ಅಧ್ಯಯನವು ಈ ರೋಗದೊಂದಿಗೆ ನಂಟುಳ್ಳ 287 ವಂಶವಾಹಿ ನೆಲೆಗಳನ್ನು ಗುರುತಿಸಿತು. ಅವುಗಳಲ್ಲಿ ಬಹುತೇಕ ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ. ಹೆರಿಗೆಯ ವೇಳೆಯ ತೊಡಕುಗಳು, ಹರೆಯದಲ್ಲಿನ ಗಾಂಜಾ ಸೇವನೆಯಂತಹ ಅಂಶಗಳೂ ಅಪಾಯವನ್ನು ಹೆಚ್ಚಿಸುತ್ತವೆ.

ಯಾರೂ ತಮ್ಮ ವಂಶವಾಹಿಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ. ಆದುದರಿಂದ ಇಂತಹ ಮನೆಯೊಂದಕ್ಕೆ ಭೇಟಿಯಿತ್ತಾಗ ಕಾರಣ ಹುಡುಕುವ ಗೋಜಿಗೆ ಹೋಗದಿರೋಣ. ಚಿಕಿತ್ಸೆಗೆ ಕರೆದೊಯ್ಯಲು ಜೊತೆಯಾಗೋಣ. ಆ ತಾಯಿ ಹೊತ್ತಿರುವ ಭಾರಕ್ಕೆ ನಮ್ಮ ಮಾತಿನ ಭಾರವೂ ಸೇರದಿರಲಿ.